ಹದಿನಾಲ್ಕು ಕುರಿ, ಆರು ಆಕ್ಸಿ

"ಇದನ್ನ ತಿಂತಾರೇನ್ಲಾ?"

2021ರ ಜುಲೈ ಕೊನೆಯ ವಾರ. ಶಿರಾ ಕಡೆಯ ನಮ್ಮೂರಲ್ಲಿ, ಮನೆ ಜಗಲಿ ಮೇಲೆ ಕೂತು ಮೊಬೈಲಲ್ಲಿ ಅವ್ವನಿಗೆ ಒಂದು ಪ್ರಾಣಿ ತೋರಿಸ್ತಿದ್ದೆ. ಗುಂಡಗಿನ ಹಸಿರು ಪ್ರಾಣಿ, ಬೆನ್ನ ಮೇಲೊಂದು ಕುಂಬಳಕಾಯಿ ಹೊತ್ತುಕೊಂಡು ಕಣ್ಣು ಪಿಳಿಪಿಳಿ ಬಿಡ್ತಿತ್ತು. "ಇದೊಂದಕ್ಕೆ 18 ಸಾವಿರ ಕಣವ್ವ" ಅಂದೆ. ಅವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲ ಕಣವ್ವ, ಇದು ಗೇಮು."

"ಉಣ್ಣೆ ಕೊಡ್ತದಾ?"

"ಇಲ್ಲ."

"ಗೊಬ್ಬರನಾದ್ರೂ?"

ನಾನು ಜೋರಾಗಿ ನಕ್ಕೆ. ಅವ್ವನೂ ನಕ್ಕಳು. ಅವಳು ತಮಾಷೆ ಮಾಡ್ತಿರಲಿಲ್ಲ, ನಿಜವಾಗಿಯೂ ಕೇಳ್ತಿದ್ದಳು ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅವಳ ದುಡ್ಡಲ್ಲಿ 88 ಸಾವಿರ ರೂಪಾಯಿ ಹೋಗಿತ್ತು. ದುಡ್ಡಿನ ಕಥೆ ಹೇಳಿಕೊಳ್ಳೋಕೆ ನನಗೆ ನಾಚಿಕೆ ಇಲ್ಲ. ಈ ಕಾಲದಲ್ಲಿ ಕ್ರಿಪ್ಟೋದಲ್ಲಿ ಕೈ ಸುಟ್ಟುಕೊಂಡವರು ಪ್ರತಿ ಆಫೀಸಲ್ಲೂ ನಾಲ್ಕು ಜನ ಸಿಗ್ತಾರೆ. ನಾಚಿಕೆಯಾಗೋದು ಇದರೊಳಗಿನ ಇನ್ನೊಂದು ವಿಷಯಕ್ಕೆ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಇಲ್ಲಿ ಬರೀತಿದ್ದೀನಿ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರೋನು. ಎರಡನೇ ಲಾಕ್‌ಡೌನ್‌ನಲ್ಲಿ ಪೀಜಿ ಖಾಲಿ ಮಾಡಿ ಊರಿಗೆ ಬಂದಿದ್ದೆ. ಅವ್ವ ಆ ವರ್ಷ ಬಕ್ರೀದ್‌ಗೆ ಮುಂಚೆ ಹದಿನಾಲ್ಕು ಕುರಿ ಮಾರಿದ್ದಳು. ತಲೆಗೆ ಒಂಬತ್ತು ಸಾವಿರದ ಲೆಕ್ಕದಲ್ಲಿ 1,26,000 ರೂಪಾಯಿ. ನಮ್ಮದು ಹೆಂಚಿನ ಮನೆ, ಮಳೆ ಬಂದರೆ ಅಡುಗೆ ಮನೆಯಲ್ಲಿ ಮೂರು ಕಡೆ ಪಾತ್ರೆ ಇಡಬೇಕು. ಆ ದುಡ್ಡು ಸೂರು ರಿಪೇರಿಗೆ ಅಂತ ಎತ್ತಿಟ್ಟಿದ್ದು. "ಆರು ತಿಂಗಳು ನನಗೆ ಕೊಡು, ಡಬಲ್ ಮಾಡಿ ಕೊಡ್ತೀನಿ. ಹೆಂಚಲ್ಲ, ತಾರಸಿನೇ ಹಾಕಿಸೋಣ" ಅಂದೆ. ಇಂಜಿನಿಯರಿಂಗ್ ಓದಿದ ಮಗ ಹೇಳ್ತಿದ್ದಾನೆ ಅಂತ ಅವ್ವ ಕೊಟ್ಟಳು.

ಬೆಕ್ಕಿನಿಂದ ಶುರುವಾದ ಕಥೆ

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2017ರ ನವೆಂಬರ್ 28ಕ್ಕೆ ಕೆನಡಾದ ವ್ಯಾಂಕೂವರ್‌ನ ಆಕ್ಸಿಯಮ್ ಝೆನ್ ಎನ್ನುವ ಸಂಸ್ಥೆ ಕ್ರಿಪ್ಟೋಕಿಟ್ಟೀಸ್ ಅಂತ ಒಂದು ಆಟ ಬಿಟ್ಟಿತು. ಎಥೀರಿಯಂ ಬ್ಲಾಕ್‌ಚೈನ್ ಮೇಲೆ ಕಾರ್ಟೂನ್ ಬೆಕ್ಕುಗಳು. ಒಂದರಂತೆ ಇನ್ನೊಂದಿಲ್ಲ. ಎರಡು ಬೆಕ್ಕು ಕೂಡಿಸಿದರೆ ಮೂರನೇದು ಹುಟ್ಟುತ್ತೆ, ಅದರ ಬಣ್ಣ, ಕಣ್ಣು, ಬಾಯಿ ಅಪ್ಪ ಅಮ್ಮನ ಜೀನ್‌ಗಳಿಂದ ಬರುತ್ತೆ. ಅಪರೂಪದ ಲಕ್ಷಣ ಬಂದರೆ ಜಾಸ್ತಿ ಬೆಲೆ. ಮೊದಲ ವಾರದಲ್ಲೇ ಒಂದು ಬೆಕ್ಕು ಒಂದು ಲಕ್ಷ ಡಾಲರ್‌ಗೂ ಮೇಲೆ ಹೋಯಿತು. ಎಥೀರಿಯಂ ಜಾಲದ ಶೇಕಡ 10ಕ್ಕೂ ಹೆಚ್ಚು ವ್ಯವಹಾರ ಬರೀ ಬೆಕ್ಕಿನದೇ ಆಗಿ, ಉಳಿದವರ ವಹಿವಾಟು ಗಂಟೆಗಟ್ಟಲೆ ಕಾಯುವಂತಾಯಿತು.

ಆಮೇಲೆ ಆಗಬೇಕಾದ್ದು ಆಯಿತು. ಎಲ್ಲರೂ ಮರಿ ಹಾಕಿಸಿದರು. ಮರಿ ಹಾಕಿಸೋರು ಜಾಸ್ತಿಯಾದರು, ಕೊಳ್ಳೋರು ಕಮ್ಮಿಯಾದರು. ಮರುವರ್ಷವೇ ಸಾಮಾನ್ಯ ಬೆಕ್ಕಿನ ಬೆಲೆ ನೆಲ ಹಿಡಿಯಿತು.

ಅದನ್ನು ನೋಡಿ ಕಲಿತೋ, ಕಲಿಯದೆಯೋ, 2018ರಲ್ಲಿ ವಿಯೆಟ್ನಾಂನ ಸ್ಕೈ ಮಾವಿಸ್ ಎಂಬ ಕಂಪನಿ ಶುರು ಮಾಡಿದ್ದು ಆಕ್ಸಿ ಇನ್ಫಿನಿಟಿ. ಇಲ್ಲಿ ಬೆಕ್ಕಿನ ಬದಲು ಆಕ್ಸಿ ಅನ್ನೋ ಪ್ರಾಣಿ. ವ್ಯತ್ಯಾಸ ಏನಂದ್ರೆ, ಬೆಕ್ಕು ಸುಮ್ಮನೆ ಕೂತಿರುತ್ತೆ, ಆಕ್ಸಿ ಕಾದಾಡುತ್ತೆ. ಮೂರು ಆಕ್ಸಿ ಇದ್ದರೆ ಆಟ ಆಡಬಹುದು. ಗೆದ್ದರೆ ಎಸ್‌ಎಲ್‌ಪಿ ಸಿಗುತ್ತೆ. ಪೂರ್ತಿ ಹೆಸರು ಸ್ಮೂತ್ ಲವ್ ಪೋಷನ್, ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ವಶೀಕರಣದ ಮದ್ದು. ಆಕ್ಸಿಗಳನ್ನು ಮರಿ ಹಾಕಿಸೋಕೆ ಈ ಮದ್ದು ಬೇಕು, ಜೊತೆಗೆ ಎಎಕ್ಸ್‌ಎಸ್ ಅನ್ನೋ ಇನ್ನೊಂದು ಟೋಕನ್ ಸ್ವಲ್ಪ ಬೇಕು. ಮದ್ದು ಬೇಡವಾದವರು ಅದನ್ನು ಮಾರ್ಕೆಟಲ್ಲಿ ಮಾರಿ ದುಡ್ಡು ಮಾಡಿಕೊಳ್ಳಬಹುದು. 2021ರ ಜುಲೈಯಲ್ಲಿ ಒಂದು ಎಸ್‌ಎಲ್‌ಪಿಗೆ 25 ರೂಪಾಯಿಗೂ ಮೇಲೆ ಹೋಗಿತ್ತು. ಆಟ ಆಡಿ ಸಂಬಳ! ಕೋವಿಡ್‌ನಲ್ಲಿ ಕೆಲಸ ಕಳಕೊಂಡ ಫಿಲಿಪೀನ್ಸಿನ ಜನ ಇದರಿಂದ ಮನೆ ನಡೆಸ್ತಿದ್ದಾರೆ ಅಂತ ವಿಡಿಯೋ ಮೇಲೆ ವಿಡಿಯೋ ಬರ್ತಿತ್ತು.

ನಾನು ಒಂದು ವಾರ ನಿದ್ದೆಗೆಟ್ಟು ಓದಿದೆ. ಒಂದೊಂದು ಆಕ್ಸಿಗೂ ಆರು ಅಂಗ: ಕಣ್ಣು, ಕಿವಿ, ಕೊಂಬು, ಬಾಯಿ, ಬೆನ್ನು, ಬಾಲ. ಒಂದೊಂದು ಅಂಗಕ್ಕೂ ಮೂರು ಜೀನ್. ಎದ್ದು ಕಾಣೋದು ಒಂದು, ಅಡಗಿಕೊಂಡಿರೋದು ಎರಡು. ಕಾಣುವ ಜೀನ್ ಮರಿಗೆ ಬರುವ ಸಾಧ್ಯತೆ ಅಪ್ಪನ ಕಡೆಯಿಂದ ಶೇಕಡ 37.5, ಅಮ್ಮನ ಕಡೆಯಿಂದ ಅಷ್ಟೇ. ಅಡಗಿದ ಮೊದಲನೇದು 9.375, ಎರಡನೇದು 3.125. ಅಣ್ಣ ತಂಗಿ ಕೂಡಿಸೋ ಹಾಗಿಲ್ಲ, ಅಪ್ಪ ಮಗಳು ಕೂಡಿಸೋ ಹಾಗಿಲ್ಲ. ಒಂದು ಆಕ್ಸಿ ಜೀವಮಾನದಲ್ಲಿ ಏಳು ಸಲ ಮಾತ್ರ ಮರಿ ಹಾಕಬಹುದು, ಪ್ರತಿ ಸಲಕ್ಕೂ ಮದ್ದಿನ ಖರ್ಚು ಏರುತ್ತಾ ಹೋಗುತ್ತೆ. ಎಕ್ಸೆಲ್ ಹಾಳೆ ಮಾಡಿ ಅವ್ವನಿಗೆ ತೋರಿಸಿದೆ. "ನಾವೂ ಎರಡು ವರ್ಷಕ್ಕೆ ಟಗರು ಬದಲಾಯಿಸ್ತೀವಿ, ಅದೇ ತಾನೆ?" ಅಂದಳು. ಅದೇ ಅಂದೆ. ನಮ್ಮ ಮನೇಲಿ ಮೂರು ತಲೆಮಾರಿಂದ ಮಾಡಿಕೊಂಡು ಬಂದ ಕಸುಬನ್ನೇ ನಾನು ಮೊಬೈಲಲ್ಲಿ ಮಾಡ್ತಿದ್ದೀನಿ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಆರು ಆಕ್ಸಿ ಕೊಂಡೆ. ಸುಮಾರು 1,08,000 ಆಯಿತು. ಉಳಿದದ್ದು ಎಎಕ್ಸ್‌ಎಸ್‌ಗೆ, ಶುಲ್ಕಕ್ಕೆ.

ಪಾಲಿಗೆ ಕೊಟ್ಟ ಆಕ್ಸಿ

ಆರು ಆಕ್ಸಿ ಅಂದ್ರೆ ಎರಡು ತಂಡ. ಒಂದನ್ನು ರಾತ್ರಿ ನಾನು ಆಡ್ತಿದ್ದೆ. ಇನ್ನೊಂದಕ್ಕೆ ಬೇರೆಯವರು ಬೇಕು. ಅದಕ್ಕೊಂದು ಪದ್ಧತಿ ಇತ್ತು, ಸ್ಕಾಲರ್‌ಶಿಪ್ ಅಂತ ಕರೀತಿದ್ರು. ಆಕ್ಸಿ ಇರೋನು ಮ್ಯಾನೇಜರ್. ಕೊಳ್ಳೋಕೆ ದುಡ್ಡಿಲ್ಲದೆ ಆಡೋಕೆ ಬರೋರು ಸ್ಕಾಲರ್. ಮ್ಯಾನೇಜರ್ ಒಂದು ಕ್ಯೂಆರ್ ಕೋಡ್ ಕಳಿಸ್ತಾನೆ, ಸ್ಕಾಲರ್ ಅದರಿಂದ ಲಾಗಿನ್ ಆಗಿ ದಿನಾ ಆಡ್ತಾರೆ. ಹದಿನಾಲ್ಕು ದಿನಕ್ಕೊಮ್ಮೆ ಎಸ್‌ಎಲ್‌ಪಿ ಕೈಗೆ ಬರುತ್ತೆ, ಬರೋದು ಮ್ಯಾನೇಜರ್ ಕೈಗೆ. ಅವನು ಸ್ಕಾಲರ್ ಪಾಲನ್ನು ಕಳಿಸಬೇಕು.

ನಾನು ಒಂದು ಫೇಸ್‌ಬುಕ್ ಗುಂಪಲ್ಲಿ ಒಂದು ಸಾಲು ಬರೆದೆ. ಬೆಳಗಾಗೋದರೊಳಗೆ ಅರವತ್ತಕ್ಕೂ ಹೆಚ್ಚು ಅರ್ಜಿ. ಬಹುತೇಕ ಎಲ್ಲ ಫಿಲಿಪೀನ್ಸಿನವು. ಕೆಲವರು ವಿದ್ಯುತ್ ಬಿಲ್ಲಿನ ಫೋಟೋ, ಮಗುವಿನ ಔಷಧಿ ಚೀಟಿ ಕೂಡ ಹಾಕಿದ್ದರು. ನನ್ನ ಜೀವನದಲ್ಲಿ ನನಗೆ ಯಾರೂ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ. ಒಂಥರಾ ಮತ್ತು ಬಂದ ಹಾಗಾಯ್ತು, ಸುಳ್ಳು ಯಾಕೆ ಹೇಳಲಿ.

ಸೆಬು ದ್ವೀಪದ ಒಬ್ಬ ಹೆಣ್ಣುಮಗಳನ್ನು ಆರಿಸಿದೆ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಪ್ರವಾಸಿಗರ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದು ಕೋವಿಡ್‌ನಲ್ಲಿ ಮನೆಗೆ ಬಂದವರು, ಒಬ್ಬ ಮಗ. ಪಾಲು ಅರ್ಧ ಅರ್ಧ. ದಿನಕ್ಕೆ ಕನಿಷ್ಠ 75 ಎಸ್‌ಎಲ್‌ಪಿ ಆಗಬೇಕು. ಎರಡು ವಾರದ ಸರಾಸರಿ ಅದಕ್ಕಿಂತ ಕಮ್ಮಿಯಾದರೆ ಆ ಕಂತಿನ ಪಾಲಿಲ್ಲ. ಈ ನಿಯಮ ನಾನು ಕಂಡುಹಿಡಿದಿದ್ದಲ್ಲ, ಎಲ್ಲರ ಜಾಹೀರಾತಿನಲ್ಲೂ ಇತ್ತು, ನಕಲು ಮಾಡಿದೆ. ಅವರು "ಓಕೆ ಸರ್" ಅಂದರು.

ಆಗಸ್ಟ್‌ನಲ್ಲಿ ಮೊದಲ ಕಂತು ಬಂತು. ನನ್ನ ತಂಡದಿಂದ 1,400, ಅವರ ತಂಡದಿಂದ 1,400. ಆವತ್ತಿನ ಬೆಲೆ ನನ್ನ ಲೆಕ್ಕದಲ್ಲಿ 12 ರೂಪಾಯಿ. ನನ್ನ ಕೈಗೆ 25,200 ರೂಪಾಯಿಯಷ್ಟು. ಇಂಥ ಐದು ಕಂತು ಬಂದರೆ ಅವ್ವನ ದುಡ್ಡು ಪೂರಾ ವಾಪಸ್! ಅವರಿಗೆ 8,400 ಹೋಯಿತು. "ಹೋಟೆಲಲ್ಲಿ ದಿನಕ್ಕೆ ಸಿಗ್ತಿದ್ದಷ್ಟೇ ಆಯ್ತು ಸರ್, ಅದೂ ಮಗನ ಜೊತೆ ಮನೇಲೇ ಇದ್ದುಕೊಂಡು" ಅಂತ ಮೆಸೇಜ್ ಮಾಡಿದರು. ನಾನು ಅವ್ವನಿಗೆ ಓದಿ ಹೇಳಿದೆ.

"ಓ, ಪಾಲಿಗೆ ಕೊಟ್ಟಿದ್ದೀಯ" ಅಂದಳು ಅವ್ವ.

ನಮ್ಮ ಕಡೆ ಗೊತ್ತಿರೋರಿಗೆ ಗೊತ್ತು. ಕುರಿ ಇರೋರು ಮೇಯಿಸೋಕೆ ಆಗದಿದ್ದರೆ ಪಾಲಿಗೆ ಕೊಡ್ತಾರೆ. ತಾಯಿ ಕುರಿ ಕೊಟ್ಟವರದ್ದು, ಹುಟ್ಟಿದ ಮರಿಯಲ್ಲಿ ಅರ್ಧ ಅರ್ಧ. ಅಪ್ಪ ಹೋದ ಮೇಲೆ ಅವ್ವ ಒಂಬತ್ತು ಕುರಿಯನ್ನು ಹಟ್ಟಿ ಮಾವನಿಗೆ ಪಾಲಿಗೆ ಕೊಟ್ಟಿದ್ದಳು. ಸಂಬಂಧದಲ್ಲಿ ಮಾವ ಅಲ್ಲ, ಊರ ವಾಡಿಕೆಯಲ್ಲಿ ಮಾವ. ಆ ಒಂಬತ್ತರಿಂದಲೇ ನನ್ನ ಕಾಲೇಜಿನ ಎರಡು ವರ್ಷದ ಫೀಸು ಹುಟ್ಟಿದ್ದು.

ಮೊದಲ ಕಂತಿನ ದುಡ್ಡನ್ನು ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ. ಮರಿ ಹಾಕಿಸಿದೆ. ಮೊಟ್ಟೆಯೊಡೆದು ದೊಡ್ಡದಾಗೋಕೆ ಐದು ದಿನ. ಸೆಪ್ಟೆಂಬರ್‌ನಲ್ಲಿ ಮೊದಲ ಮರಿ ಹತ್ತು ಸಾವಿರಕ್ಕೆ ಹೋಯಿತು. ಆ ದುಡ್ಡಲ್ಲಿ ಇನ್ನೆರಡು ಮರಿ. ಕುರಿಗೆ ಗಬ್ಬ ಐದು ತಿಂಗಳು, ಬರೋದು ಒಂದು ಮರಿ, ಅದು ತಾಯಾಗೋಕೆ ಇನ್ನೊಂದು ವರ್ಷ. ಇಲ್ಲಿ ಐದೇ ದಿನ. ಅವ್ವನ ಕಸುಬು ಎಷ್ಟು ನಿಧಾನ ಅಂತ ನಗು ಬರ್ತಿತ್ತು.

ಇಳಿಯೋಕೆ ಶುರುವಾದದ್ದು

ಆಕ್ಸಿ ಆಡೋರ ಸಂಖ್ಯೆ ಆಗಸ್ಟ್‌ನಲ್ಲಿ ದಿನಕ್ಕೆ 10 ಲಕ್ಷ ದಾಟಿತ್ತು. ನವೆಂಬರ್ ಹೊತ್ತಿಗೆ 27 ಲಕ್ಷದ ಹತ್ತಿರ. ನೋಡೋಕೆ ಎಲ್ಲ ಏರುತ್ತಲೇ ಇತ್ತು, ಎಸ್‌ಎಲ್‌ಪಿ ಬೆಲೆ ಮಾತ್ರ ಇಳೀತಿತ್ತು. ಇಷ್ಟೊಂದು ಜನ ಬರ್ತಿರುವಾಗ ಬೆಲೆ ಯಾಕೆ ಇಳಿಯುತ್ತೆ ಅನ್ನೋದು ನನಗೆ ಅರ್ಥವಾಗಲಿಲ್ಲ. ಈಗ ಅರ್ಥವಾಗಿದೆ, ನೀವೂ ಒಂದು ನಿಮಿಷ ಯೋಚನೆ ಮಾಡಿ.

ಎಸ್‌ಎಲ್‌ಪಿ ಹುಟ್ಟೋದು ಆಟದಿಂದ. ಅದು ಖರ್ಚಾಗಿ ಇಲ್ಲವಾಗೋದು ಮರಿ ಹಾಕಿಸುವಾಗ. ಹುಟ್ಟಿದ ಮರಿ ಏನು ಮಾಡುತ್ತೆ? ಇನ್ನೊಂದು ತಂಡ ಸೇರಿ ಇನ್ನಷ್ಟು ಎಸ್‌ಎಲ್‌ಪಿ ಹುಟ್ಟಿಸುತ್ತೆ. ಅದನ್ನು ಖರ್ಚು ಮಾಡಬೇಕಂದ್ರೆ ಇನ್ನಷ್ಟು ಮರಿ ಹಾಕಿಸಬೇಕು. ಅಂದ್ರೆ ಈವತ್ತು ಮದ್ದು ಖಾಲಿಯಾದಷ್ಟೂ ನಾಳೆ ಮದ್ದು ಜಾಸ್ತಿ. ಮರಿಗಳನ್ನು ಕೊಳ್ಳೋಕೆ ದಿನಾ ಹೊಸಬರು ಬರಬೇಕು, ನಿನ್ನೆಗಿಂತ ಹೆಚ್ಚಾಗಿ ಬರಬೇಕು. ಆಕ್ಸಿಗೆ ಮೇವು ಬೇಡ, ರೋಗ ಇಲ್ಲ, ಸಾವೂ ಇಲ್ಲ. ಹುಟ್ಟಿದ್ದೆಲ್ಲ ಹಾಗೇ ಉಳಿಯುತ್ತೆ.

ಈಗ ನಮ್ಮ ರೊಪ್ಪ ನೋಡಿ. ಹಬ್ಬಕ್ಕೆ, ಬೀಗರೂಟಕ್ಕೆ, ಭಾನುವಾರಕ್ಕೆ ಜನ ಕುರಿ ತಿಂತಾರೆ. ತಿಂದವನಿಗೆ ಆ ಕುರಿಯಿಂದ ಲಾಭ ಬರಬೇಕಾಗಿಲ್ಲ, ಹೊಟ್ಟೆ ತುಂಬಿದರೆ ಸಾಕು. ಹೊಲದವರು ಮಂದೆ ನಿಲ್ಲಿಸಿಕೊಂಡು ಗೊಬ್ಬರಕ್ಕೆ ದುಡ್ಡೋ ರಾಗಿಯೋ ಕೊಡ್ತಾರೆ. ಅವರಿಗೂ ಕುರಿ ಮಾರೋ ಉದ್ದೇಶ ಇಲ್ಲ. ಅಂದ್ರೆ ಸರಪಳಿಯ ಕೊನೆಯಲ್ಲಿ ಯಾರೋ ಒಬ್ಬ ಇದ್ದಾನೆ, ಅವನಿಗೆ ಕುರಿಯೇ ಬೇಕು. ಆಕ್ಸಿ ಸರಪಳಿಯ ಕೊನೆಯಲ್ಲಿ ಇದ್ದವನೂ ನನ್ನ ಥರದವನೇ. ಆಟದ ಖುಷಿಗೆ ಕೊಂಡವರು ಇರಲಿಲ್ಲ ಅಂತಲ್ಲ. ನನ್ನ ಗುಂಪುಗಳಲ್ಲಿ ಮಾತ್ರ ಒಬ್ಬರೂ ಆಟದ ರುಚಿ ಬಗ್ಗೆ ಮಾತಾಡ್ತಿರಲಿಲ್ಲ. ದುಡ್ಡು ಎಷ್ಟು ದಿನದಲ್ಲಿ ವಾಪಸ್ ಬರುತ್ತೆ, ಅದೊಂದೇ ಮಾತು.

"ಇದನ್ನ ತಿಂತಾರೇನ್ಲಾ" ಅನ್ನೋ ಪ್ರಶ್ನೆಯಲ್ಲಿ ಇಷ್ಟೆಲ್ಲ ಇತ್ತು.

ಆ ವರ್ಷದ ನವೆಂಬರ್‌ನಲ್ಲಿ ನಮ್ಮ ಕಡೆ ಅಕಾಲದ ಮಳೆ ಹಿಡೀತಲ್ಲ, ನೆನಪಿರಬಹುದು. ಕೊಯ್ದಿಟ್ಟ ರಾಗಿ ಹೊಲದಲ್ಲೇ ಮೊಳಕೆ ಬಂತು. ನಮ್ಮ ಅಡುಗೆ ಮನೆಗೆ ಮೂರಲ್ಲ, ಏಳು ಪಾತ್ರೆ ಬೇಕಾಯಿತು. ಅವ್ವ ಹೆಂಚಿನ ಮೇಲೆ ಟಾರ್ಪಾಲು ಕಟ್ಟಿಸಿದಳು. ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಅಷ್ಟರಲ್ಲಿ ಎಸ್‌ಎಲ್‌ಪಿ ಐದು ರೂಪಾಯಿಗೆ ಇಳಿದಿತ್ತು. ದಿನಕ್ಕೆ ಇಷ್ಟೇ ಗಳಿಸಬಹುದು ಅನ್ನೋ ಮಿತಿಯನ್ನು ಕಂಪನಿ ಆಗಸ್ಟ್‌ನಲ್ಲೇ ಕಡಿಮೆ ಮಾಡಿತ್ತು. ಮೂರು ಗಂಟೆ ಆಡಿದರೂ ಮೊದಲಿನಷ್ಟು ಆಗ್ತಿರಲಿಲ್ಲ. ನಾನು ಆಡೋದು ಬಿಟ್ಟೆ. ಸೆಬುವಿನ ಅವರು ಮಾತ್ರ ಬಿಡಲಿಲ್ಲ. ದಿನಾ 80, 78, 81. ಒಂದು ದಿನವೂ 75ಕ್ಕಿಂತ ಕೆಳಗೆ ಹೋಗಲಿಲ್ಲ. ನಾನು ಕನಿಷ್ಠದ ಸಂಖ್ಯೆಯನ್ನು ಇಳಿಸಬಹುದಿತ್ತು. ನನ್ನ ತಲೆಗೇ ಬರಲಿಲ್ಲ. ನನ್ನ ನಷ್ಟ ತುಂಬೋಕೆ ಉಳಿದಿದ್ದ ದಾರಿ ಅವರೊಬ್ಬರೇ ತಾನೆ?

ಹನ್ನೆರಡು ದಿನ

ಡಿಸೆಂಬರ್ 16ರ ರಾತ್ರಿಯಿಂದ ಅವರ ಖಾತೆ ನಿಂತುಹೋಯಿತು. ಸೊನ್ನೆ. ಮರುದಿನ ಸೊನ್ನೆ. ಮೆಸೇಜ್ ಹಾಕಿದೆ, ಒಂದೇ ಟಿಕ್. ಮೂರನೇ ದಿನ ಸ್ವಲ್ಪ ಜೋರಾಗಿ ಬರೆದೆ. ಐದನೇ ದಿನ, "ನೀವು ಆಡೋದಿಲ್ಲ ಅಂದ್ರೆ ಬೇರೆಯವರು ಕಾಯ್ತಿದ್ದಾರೆ" ಅಂತ ಬರೆದೆ. ಏಳನೇ ದಿನ ಪಾಸ್‌ವರ್ಡ್ ಬದಲಾಯಿಸಿ, ಹೊಸ ಕ್ಯೂಆರ್ ಕೋಡ್ ಮಾಡಿ, ಕಾಯ್ತಿದ್ದ ಇನ್ನೊಬ್ಬ ಹುಡುಗನಿಗೆ ತಂಡ ಕೊಟ್ಟೆ. ಆ ಕಂತಿನಲ್ಲಿ ಅವರು ಎಂಟು ದಿನ ಆಡಿದ್ದರು, 640 ಎಸ್‌ಎಲ್‌ಪಿ. ಹದಿನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ 45 ಚಿಲ್ಲರೆ. ನಿಯಮದ ಪ್ರಕಾರ ಪಾಲಿಲ್ಲ. 640ನ್ನೂ ನಾನೇ ಇಟ್ಟುಕೊಂಡೆ.

ಹನ್ನೆರಡನೇ ದಿನ ಮೆಸೇಜ್ ಬಂತು. ಅದರ ಅರ್ಥ ಹೀಗಿತ್ತು: "ಸರ್, ಕ್ಷಮಿಸಿ. ಚಂಡಮಾರುತ ಬಂದಿತ್ತು. ಕರೆಂಟ್ ಇಲ್ಲ, ಸಿಗ್ನಲ್ ಇಲ್ಲ. ಇವತ್ತು ಮಾಲ್ ಒಂದರ ಜನರೇಟರ್‌ನಲ್ಲಿ ಚಾರ್ಜ್ ಮಾಡಿಕೊಂಡೆ. ಮನೆಯ ತಗಡು ಹಾರಿಹೋಗಿದೆ, ನಾವೆಲ್ಲ ಚೆನ್ನಾಗಿದ್ದೀವಿ. ತಪ್ಪಿಹೋದ ದಿನಗಳನ್ನು ಮುಂದೆ ಜಾಸ್ತಿ ಆಡಿ ಸರಿ ಮಾಡ್ತೀನಿ. ಲಾಗಿನ್ ಆಗ್ತಿಲ್ಲ, ದಯವಿಟ್ಟು ಕ್ಯೂಆರ್ ಕಳಿಸಿ."

ಆಮೇಲೆ ಗೂಗಲ್ ಮಾಡಿದೆ. ರೈ ಚಂಡಮಾರುತ, ಅಲ್ಲಿನವರು ಒಡೆಟ್ ಅಂತಾರೆ. ನಾನೂರಕ್ಕೂ ಹೆಚ್ಚು ಜನ ಸತ್ತಿದ್ದರು. ನಾನು "ಬೇರೆಯವರು ಕಾಯ್ತಿದ್ದಾರೆ" ಅಂತ ಬರೆದ ದಿನ ಸೆಬುವಿನಲ್ಲಿ ಜನ ಕುಡಿಯೋ ನೀರಿಗೆ ಸಾಲು ನಿಂತಿದ್ದರು. ಹತ್ತು ದಿನ ಆ ದೇಶದ ಸುದ್ದಿಯೆಲ್ಲ ನನ್ನ ಫೋನಲ್ಲೇ ಇತ್ತು. ನಾನು ಎಸ್‌ಎಲ್‌ಪಿ ಗ್ರಾಫ್ ಬಿಟ್ಟು ಬೇರೇನೂ ತೆರೆದಿರಲಿಲ್ಲ.

ನಾನು ಏನುತ್ತರ ಕೊಟ್ಟೆ ಗೊತ್ತಾ? "ಟೇಕ್ ಕೇರ್. ತಂಡ ಬೇರೆಯವರಿಗೆ ಕೊಟ್ಟಾಗಿದೆ." ಅಷ್ಟೇ. ಅವರು "ಓಕೆ ಸರ್, ಥ್ಯಾಂಕ್ಯೂ" ಅಂತ ಹಾಕಿದರು.

ಅದನ್ನು ಅವ್ವನಿಗೆ ಹೇಳಿದ್ದು ಸಂಕ್ರಾಂತಿಗೆ ಊರಿಗೆ ಹೋದಾಗ. ನಷ್ಟದ ಮಾತು ಬಂತು, ಜೊತೆಗೆ ಇದೂ ಬಾಯಿಗೆ ಬಂತು. ಬೈತಾಳೆ ಅಂದುಕೊಂಡಿದ್ದೆ. ಅವಳು ಎಳ್ಳು ಬೆಲ್ಲ ಕಟ್ಟುತ್ತಾ ಹಟ್ಟಿ ಮಾವನ ಕಥೆ ತೆಗೆದಳು.

ನಾನು ಪಿಯುಸಿಯಲ್ಲಿದ್ದಾಗ ನೀಲಿ ನಾಲಿಗೆ ರೋಗ ಬಂದು ಪಾಲಿನ ಒಂಬತ್ತರಲ್ಲಿ ಐದು ಕುರಿ ಸತ್ತವು. ಮಾವ ಐದು ದಿನ ನಮ್ಮ ಬೀದಿ ಕಡೆಗೇ ಬರಲಿಲ್ಲ. ಅವ್ವನೇ ಹಟ್ಟಿಗೆ ಹೋದಳು. ಮಾವ ಸತ್ತ ಕುರಿಗಳ ಕಿವಿ ಕೊಯ್ದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದನಂತೆ, ತಾನು ಮಾರಿಕೊಂಡಿಲ್ಲ ಅಂತ ತೋರಿಸೋಕೆ. ಅವ್ವ ಆ ಗಂಟು ಬಿಚ್ಚಲಿಲ್ಲ. "ನಾಕು ಉಳಿದವಲ್ಲ, ಅವನ್ನ ಮೇಯಿಸಣ್ಣ" ಅಂದು ಬಂದಳಂತೆ.

"ಪಾಲು ಅಂದ್ಮೇಲೆ ಹುಟ್ಟಿದ್ರೂ ಇಬ್ರದೂ, ಸತ್ರೂ ಇಬ್ರದೂ ಕಣಪ್ಪ. ನೀನು ಹುಟ್ಟಿದ್ದಕ್ಕೆ ಮಾತ್ರ ಪಾಲು ಬರಕೊಂಡಿದ್ದೀಯ" ಅಂದಳು. ದನಿ ಏರಿಸಲಿಲ್ಲ.

ಊರಲ್ಲಿ ಎಲ್ಲರೂ ಅವ್ವನ ಹಾಗೆ ಅಂತ ನಾನು ಹೇಳ್ತಿಲ್ಲ. ಕಿವಿ ತೋರಿಸು, ಚರ್ಮ ತೋರಿಸು ಅಂತ ಪಂಚಾಯ್ತಿ ಮಾಡಿಸೋರೂ ಇದ್ದಾರೆ. ಪಾಲಿಗೆ ಕೊಟ್ಟವನು ಮೇಲೆ, ತಗೊಂಡವನು ಕೆಳಗೆ ಅನ್ನೋದು ಅಲ್ಲೂ ಇದೆ. ಆದರೆ ಅಲ್ಲಿ ನಾಳೆ ಬಾವಿ ಹತ್ತಿರ ಮುಖ ನೋಡಬೇಕು. ಹಟ್ಟಿ ಮಾವ ಐದು ದಿನ ಕಾಣದಿದ್ದರೆ ಏನಾಯ್ತು ಅಂತ ಹೋಗಿ ನೋಡಬಹುದು. ನನಗೆ ಕಾಣ್ತಿದ್ದದ್ದು ಒಂದು ಸೊನ್ನೆ ಮಾತ್ರ.

ಲೆಕ್ಕ ಮುಗಿಸಿದ್ದು

2022ರ ಫೆಬ್ರವರಿಯಲ್ಲಿ ಕಂಪನಿ ಎಸ್‌ಎಲ್‌ಪಿ ಹುಟ್ಟೋದನ್ನು ಅರ್ಧಕ್ಕಿಂತ ಹೆಚ್ಚು ಕಡಿತ ಮಾಡಿತು. ಬೆಲೆ ನಾಲ್ಕು ದಿನ ಜಿಗಿದು ಮತ್ತೆ ಮಲಗಿತು. ಮಾರ್ಚ್ 23ರಂದು ಆಕ್ಸಿಯ ರೋನಿನ್ ಜಾಲಕ್ಕೆ ಕನ್ನ ಬಿತ್ತು. ಒಂಬತ್ತು ಬೀಗದಲ್ಲಿ ಐದು ಬೀಗದ ಕೈ ಸಿಕ್ಕರೆ ಸಾಕು ಅನ್ನೋ ವ್ಯವಸ್ಥೆ, ಕಳ್ಳರಿಗೆ ಐದೂ ಸಿಕ್ಕವು. 1,73,600 ಈಥರ್ ಮತ್ತು ಎರಡೂವರೆ ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಯುಎಸ್‌ಡಿಸಿ ಹೋಯಿತು. ಒಟ್ಟು 60 ಕೋಟಿ ಡಾಲರ್‌ಗಿಂತ ಜಾಸ್ತಿ. ಗೊತ್ತಾಗಿದ್ದು ಆರು ದಿನ ಬಿಟ್ಟು. ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸ ಅಂತ ಅಮೆರಿಕದ ಎಫ್‌ಬಿಐ ಹೇಳಿತು. ಎಲ್ಲರೂ ಆಕ್ಸಿ ಮುಳುಗಿದ್ದು ಕಳ್ಳತನದಿಂದ ಅಂದುಕೊಳ್ತಾರೆ. ನನ್ನ ಮರಿಗಳು ಅದಕ್ಕೂ ಮೊದಲೇ ಎರಡು ಸಾವಿರಕ್ಕೆ ಇಳಿದಿದ್ದವು. ಕಳ್ಳರು ಬಂದಾಗ ನನ್ನ ಮನೆಯಲ್ಲಿ ಕದಿಯೋಕೆ ಏನೂ ಇರಲಿಲ್ಲ.

ಜೂನ್‌ನಲ್ಲಿ ಉಳಿದ ಆಕ್ಸಿಗಳನ್ನು ಮುನ್ನೂರು, ನಾನೂರು ರೂಪಾಯಿಗೆ ಮಾರಿ ಹಾಕಿದೆ. ಎಸ್‌ಎಲ್‌ಪಿ 50 ಪೈಸೆಗೂ ಕೆಳಗೆ ಬಂದಿತ್ತು. ಆರಂಭದಿಂದ ಅಲ್ಲೀತನಕ ನನ್ನ ಬ್ಯಾಂಕ್ ಖಾತೆಗೆ ಬಂದದ್ದು ಒಟ್ಟು 38,000. ಆ ವರ್ಷ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇಕಡ 30 ತೆರಿಗೆ ಬಂದಿತ್ತಲ್ಲ, ಲಾಭ ಇದ್ದರೆ ತಾನೆ ಕಟ್ಟೋದು! ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯೋಕೂ ಬರಲ್ಲ. ಇದರಲ್ಲಿ ಯಾರನ್ನೂ ದೂರೋಕೆ ನನಗೆ ಬಾಯಿಲ್ಲ. ಆಟದ ನಿಯಮಗಳೆಲ್ಲ ಬರೆದಿಟ್ಟಿದ್ದವು, ನಾನೇ ಎಕ್ಸೆಲ್‌ಗೆ ಹಾಕಿದ್ದೆ. ಕೊಳ್ಳೋರು ಯಾರು ಅನ್ನೋ ಕಾಲಮ್ ಒಂದನ್ನು ಹಾಕಿರಲಿಲ್ಲ.

ಸೆಬುವಿನವರ ಪಾಲು ಕಳಿಸೋಕೆ ನನಗೆ ಮಾರ್ಚ್ ಆಯಿತು. ಸಂಕ್ರಾಂತಿಯಿಂದ ಮಾರ್ಚ್‌ವರೆಗೆ ಯಾಕೆ ಬೇಕಾಯ್ತು ಅಂತ ಕೇಳಬೇಡಿ, ಮುಖ ತೋರಿಸೋಕೆ ಧೈರ್ಯ ಇರಲಿಲ್ಲ. 640ರಲ್ಲಿ ಅವರ ಅರ್ಧ 320. ಡಿಸೆಂಬರ್ ಬೆಲೆಯಲ್ಲಿ ಅದು ಎಂಟುನೂರು ರೂಪಾಯಿ. ಹೌದು, ತಗಡು ಹಾರಿಹೋದ ಮನೆಯವರಿಂದ ನಾನು ಹಿಡಿದಿಟ್ಟುಕೊಂಡಿದ್ದು ಎಂಟುನೂರು ರೂಪಾಯಿ. ಅದಕ್ಕೆ ನನ್ನ ಸಂಬಳದಿಂದ ಇನ್ನಷ್ಟು ಸೇರಿಸಿ ಕಳಿಸಿ, ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್, ನಿಯಮ ನನಗೆ ಗೊತ್ತಿತ್ತು. ಹೋಟೆಲ್ ಮತ್ತೆ ತೆರೆದಿದೆ, ಕೆಲಸಕ್ಕೆ ಹೋಗ್ತಿದ್ದೀನಿ" ಅಂತ ಉತ್ತರ ಬಂತು. ಅದೇ ಕೊನೆ. ಅವರು ನಿಜವಾಗಿ ಕ್ಷಮಿಸಿದರಾ, ಮ್ಯಾನೇಜರ್‌ಗೆ ಹೇಳೋ ಹಾಗೆ ಹೇಳಿದರಾ, ನನಗೆ ಗೊತ್ತಿಲ್ಲ.

ಅವ್ವನ 88 ಸಾವಿರವನ್ನು ತಿಂಗಳಿಗೆ ಐದು ಸಾವಿರದಂತೆ ತೀರಿಸಿದೆ. ಕೊನೆ ಕಂತು ಕೊಟ್ಟ ವರ್ಷದ ಬೇಸಿಗೆಯಲ್ಲಿ ಹೆಂಚು ತೆಗೆಸಿ ಸೂರಿಗೆ ಶೀಟ್ ಹಾಕಿಸಿದೆವು. ತಾರಸಿ ಆಗಲಿಲ್ಲ. ಈಗ ಅಡುಗೆ ಮನೆಯಲ್ಲಿ ಪಾತ್ರೆ ಇಡೋ ಹಾಗಿಲ್ಲ, ಮಳೆ ಸದ್ದು ಮಾತ್ರ ಜೋರು.

ಹಟ್ಟಿ ಮಾವನಿಗೆ ಈಗ ಎಪ್ಪತ್ತು ದಾಟಿದೆ, ಮಗ ಮೇಯಿಸ್ತಾನೆ. ಕಳೆದ ಯುಗಾದಿಗೆ ನಾನು ನನ್ನ ದುಡ್ಡಲ್ಲಿ ಎರಡು ಕುರಿ ಕೊಂಡು ಅವನಿಗೆ ಪಾಲಿಗೆ ಕೊಟ್ಟೆ. ಕೊಡುವಾಗ ಅಭ್ಯಾಸಬಲದಿಂದ ಬಾಯಿಗೆ ಬಂತು, "ವರ್ಷಕ್ಕೆ ಇಷ್ಟು ಮರಿ ಅಂತ..." ಅವ್ವ ತಿರುಗಿ ನೋಡಿದಳು. ಮಾತು ಅಲ್ಲೇ ನುಂಗಿಕೊಂಡೆ.

ಒಂದು ಕುರಿ ಮರಿ ಹಾಕಿದೆ, ಗಂಡು. ಇನ್ನೊಂದಕ್ಕೆ ಈ ಸಲ ಗಬ್ಬ ನಿಲ್ಲಲಿಲ್ಲ. ಮೊನ್ನೆ ಶನಿವಾರ ಊರಿಗೆ ಹೋದಾಗ ಮೊದಲು ಹಟ್ಟಿಗೆ ಹೋಗಿ, ಮನೆಯವರೆಲ್ಲ ಹೇಗಿದ್ದಾರೆ ಅಂತ ಕೇಳಿ, ಕಾಫಿ ಕುಡಿದು ಬಂದೆ. ಕುರಿ ವಿಷಯ ಅವರೇ ಹೇಳಿದರು.